ಮೂಳೆ ಹುಟ್ಟುವ ಮುಂಚಿನ ಕಲ್ಲು
(ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ವಿಜ್ಞಾನ ಶಿಕ್ಷಕರಿಗೆ ಬಹಿರಂಗ ಪತ್ರ)

ಮಾನ್ಯ ಮೇಷ್ಟ್ರುಗಳೇ, ಮೇಡಂಗಳೇ,

ನಮ್ಮ ಮೂರು ತಾಲ್ಲೂಕುಗಳ ಬೆಟ್ಟದ ಬಂಡೆಯಲ್ಲಾಗಲಿ, ಹೊಳೆಯ ಹಾಸುಗಲ್ಲಿನಲ್ಲಾಗಲಿ, ಕರಿಕಲ್ಲಿನ ಕ್ವಾರಿಯಲ್ಲಾಗಲಿ ಪಳೆಯುಳಿಕೆ ಸಿಗುವುದಿಲ್ಲ. ಈ ಮಾತನ್ನು ಮಕ್ಕಳಿಗೆ ನೀವು ಹೇಳಬೇಕು, ಹೇಳಿ ಅಲ್ಲಿಗೇ ನಿಲ್ಲಿಸಬಾರದು. ಅದನ್ನು ಕೇಳಿಕೊಳ್ಳಲೆಂದೇ ಈ ಪತ್ರ. ಸಿಗುವುದಿಲ್ಲ ಎಂಬ ಮಾತಿನ ಹಿಂದೆ ಈ ನೆಲದ ಅತಿ ದೊಡ್ಡ ಕಥೆ ಇದೆ. ಅದನ್ನು ಕೇಳದೆ ನಮ್ಮ ಮಕ್ಕಳು ಹತ್ತನೇ ತರಗತಿ ಮುಗಿಸುತ್ತಿದ್ದಾರೆ.

ನನ್ನ ಅಕ್ಕನ ಮಗಳು ಈಗ ಒಂಬತ್ತನೇ ತರಗತಿ. ಡೈನೋಸಾರ್ ಪುಸ್ತಕವೊಂದನ್ನು ಓದಿ ಮುಗಿಸಿದವಳೇ, "ಚಿಕ್ಕವ್ವ, ನಮ್ಮೂರ ಬೆಟ್ಟದಲ್ಲೂ ಏನಾರ ಇರಬೇಕಲ್ವಾ?" ಎಂದು ಹಿಡಿದುಕೊಂಡಳು. ಹನೂರು ರಸ್ತೆಯ ಪಕ್ಕ ಸುರಿದಿದ್ದ ಒಡೆದ ಕಲ್ಲಿನ ರಾಶಿಯಲ್ಲಿ ಅವಳ ಕೈಗೆ ಬಂದದ್ದು ಜರೀಗಿಡದ ಚಿತ್ತಾರವಿದ್ದ ಕಲ್ಲು. ಕಪ್ಪು ಎಲೆ, ಕವಲೊಡೆದ ಕಡ್ಡಿ, ತುದಿಯಲ್ಲಿ ಇನ್ನೂ ಸಣ್ಣ ಕವಲು. ನೋಡಿದವರು ಯಾರಾದರೂ ಗಿಡವೆಂದೇ ನಂಬುವಂತಿತ್ತು.

ಅದು ಗಿಡವಲ್ಲ. ಬಂಡೆಯ ಬಿರುಕಿನೊಳಗೆ ಇಳಿದ ನೀರು ತನ್ನಲ್ಲಿ ಕರಗಿದ್ದ ಮ್ಯಾಂಗನೀಸ್, ಕಬ್ಬಿಣವನ್ನು ಬಿಡುತ್ತಾ ಹೋದ ಗುರುತು. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಗುರುತಿಸುವ ಬಗೆಯನ್ನು ಅವಳಿಗೆ ತೋರಿಸಿದೆ. ಎಲೆಯಾಗಿದ್ದರೆ ನಡುನರ ಇರಬೇಕು, ಅದರಿಂದ ಹೊರಟ ನರಗಳಿಗೆ ಒಂದು ಕ್ರಮ ಇರಬೇಕು. ಇಲ್ಲಿ ಎರಡೂ ಇಲ್ಲ. ಚಿತ್ತಾರ ಬಿರುಕಿನ ಮೈಮೇಲಷ್ಟೇ ಇದೆ, ಕಲ್ಲಿನ ಒಳಕ್ಕೆ ಇಳಿದಿಲ್ಲ. ಅವಳು ಬೇಸರಪಡಲಿಲ್ಲ. "ಹಂಗಾದ್ರೆ ನೀರೇ ಗಿಡ ಬರೆದೈತೆ" ಅಂದಳು. ಯಳಂದೂರಿನ ಕಡೆ ಹೊಲದಲ್ಲಿ ಬೆರಳಿನ ಮೂಳೆಯಂಥ ಬಿಳಿ ತುಂಡುಗಳೂ ಸಿಕ್ಕವು. ಮಣ್ಣಿನ ಸುಣ್ಣ ಬೇರಿನ ಸುತ್ತ ಗಂಟುಕಟ್ಟಿ, ಬೇರು ಕೊಳೆತು ಹೋದ ಮೇಲೆ ನಡುವೆ ತೂತು ಉಳಿದ ಸುಣ್ಣಕಲ್ಲು ಅದು. ಬೇರಿನ ಅಚ್ಚು ಎನ್ನಬಹುದು ನಿಜ, ಆದರೆ ಅದು ಮೇಲಿನ ಮಣ್ಣಿನ ಮಾತು, ಕೆಳಗಿನ ಬಂಡೆಯದ್ದಲ್ಲ.

ಬಂಡೆಯ ಮಾತೇ ಬೇರೆ. ಬಿಳಿಗಿರಿರಂಗನ ಬೆಟ್ಟದ ಮೈ ಬಹುಪಾಲು ಚಾರ್ನೋಕೈಟ್ ಎಂಬ ಕಲ್ಲು. ಹೊಸದಾಗಿ ಒಡೆದರೆ ಎಣ್ಣೆ ಸವರಿದಂಥ ಕಪ್ಪುಹಸಿರು ಹೊಳಪು. ಭೂಮಿಯೊಳಗೆ ಸುಮಾರು 20ರಿಂದ 25 ಕಿಲೋಮೀಟರ್ ಆಳದಲ್ಲಿ, 700 ಡಿಗ್ರಿಗೂ ಮೀರಿದ ಬಿಸಿಯಲ್ಲಿ ಬೆಂದು ರೂಪ ಬದಲಿಸಿಕೊಂಡದ್ದು. ಹಾಗೆ ಬೆಂದು ಸುಮಾರು 250 ಕೋಟಿ ವರ್ಷವಾಯಿತು. ಬೇಯುವ ಮೊದಲಿನ ಮೂಲ ಕಲ್ಲು ಇನ್ನೂ ಹಳೆಯದು. ಕಣ್ಣಿಗೆ ಕಾಣುವಷ್ಟು ದೊಡ್ಡ ಪ್ರಾಣಿಗಳು ಭೂಮಿಯ ಮೇಲೆ ಬಂದದ್ದು ಸುಮಾರು 60 ಕೋಟಿ ವರ್ಷಗಳ ಈಚೆಗೆ. ಮೂಳೆ, ಚಿಪ್ಪು, ಎಲೆ ಯಾವುದೂ ಇಲ್ಲದಿದ್ದ ಕಾಲದ ಕಲ್ಲಿನಲ್ಲಿ ಅವು ಸಿಗುವುದಾದರೂ ಹೇಗೆ? ಆಗ ಇದ್ದದ್ದು ಕಣ್ಣಿಗೆ ಕಾಣದ ಜೀವಾಣುಗಳು. ಅವುಗಳ ಕುರುಹು ಏನಾದರೂ ಇದ್ದಿದ್ದರೂ ಆ ಬಿಸಿಯಲ್ಲಿ ಉಳಿಯುತ್ತಿರಲಿಲ್ಲ.

ಇನ್ನೊಂದು ಮಾತನ್ನು ಮಕ್ಕಳ ಮುಂದೆ ನಿಧಾನವಾಗಿ ಇಡಬೇಕು ಎಂದು ನನ್ನ ಆಸೆ. ಅಷ್ಟು ಆಳದಲ್ಲಿದ್ದ ಕಲ್ಲು ಈಗ ರಂಗನಾಥನ ಗುಡಿಯ ಕೆಳಗೆ ಕಡಿದಾದ ಬಂಡೆಯಾಗಿ ಬಿಸಿಲಿಗೆ ನಿಂತಿದೆ. ಅಂದರೆ ಅದರ ತಲೆಯ ಮೇಲಿದ್ದ ಇಪ್ಪತ್ತು ಕಿಲೋಮೀಟರ್ ನೆಲ ಸವೆದು, ತೊಳೆದು ಹೋಗಿದೆ. ಗುಡಿಯ ಅಂಗಳದಲ್ಲಿ ನಿಂತು ಮೇಲಕ್ಕೆ ನೋಡಿ ಈ ಲೆಕ್ಕ ಹಾಕಿದ ಮಗು ಬೆಟ್ಟವನ್ನು ಮುಂಚಿನ ಹಾಗೆ ನೋಡಲಾರದು.

ಈ ಕಲ್ಲಿಗೆ ಹೆಸರು ಬಂದದ್ದು ಒಂದು ಗೋರಿಯಿಂದ. ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್‌ನ ಗೋರಿಗಲ್ಲು ಈ ಜಾತಿಯದು. ಮದರಾಸು ಕಡೆಯಿಂದ ಹೋದ ಕಲ್ಲು. ಭೂವಿಜ್ಞಾನಿ ಥಾಮಸ್ ಹಾಲೆಂಡ್ 1893ರಲ್ಲಿ ಅವನ ಹೆಸರನ್ನೇ ಕಲ್ಲಿಗಿಟ್ಟರು. ಇದರ ಗುಟ್ಟು ಹುಡುಕಿದವರಲ್ಲಿ ನಮ್ಮವರೂ ಇದ್ದಾರೆ. ಕನಕಪುರದ ಕಡೆಯ ಕಬ್ಬಾಳದುರ್ಗದಲ್ಲಿ ಬೂದುಬಣ್ಣದ ನೈಸ್ ಶಿಲೆ ಮಚ್ಚೆಮಚ್ಚೆಯಾಗಿ ಚಾರ್ನೋಕೈಟ್ ಆಗುತ್ತಿರುವುದನ್ನು ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲೋಕಕ್ಕೆ ತೋರಿಸಿಕೊಟ್ಟರು. ನಮ್ಮ ಮಕ್ಕಳಿಗೆ ಚಾರ್ನಾಕ್ ಗೊತ್ತಿಲ್ಲದಿದ್ದರೆ ನಷ್ಟವೇನಿಲ್ಲ, ಪಿಚ್ಚಮುತ್ತು ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ.

ನಮ್ಮ ಬಂಡೆಯಲ್ಲಿ ಸಿಗದಿದ್ದರೂ ಅಕ್ಕನ ಮಗಳು ಮೊತ್ತಮೊದಲ ಪಳೆಯುಳಿಕೆ ಕಂಡದ್ದು ಯಳಂದೂರಿನಲ್ಲೇ, ದೇವರ ಕೋಣೆಯೊಂದರಲ್ಲಿ! ಪರಿಚಯದ ಹಿರಿಯರೊಬ್ಬರು ಪೂಜೆ ಮುಗಿಸಿ, ಸಾಲಿಗ್ರಾಮವನ್ನು ತಟ್ಟೆಯಲ್ಲಿಟ್ಟು ಅದರ ಚಕ್ರ ತೋರಿಸಿದರು. ನೇಪಾಳದ ಕಾಳಿಗಂಡಕಿ ನದಿಯಿಂದ ಬರುವ ಈ ಕಪ್ಪುಕಲ್ಲಿನೊಳಗಿನ ಚಕ್ರ ಅಮೊನೈಟ್ ಎಂಬ ಕಡಲಜೀವಿಯ ಸುರುಳಿಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದಲ್ಲಿ, ಸುಮಾರು 15 ಕೋಟಿ ವರ್ಷದ ಹಿಂದೆ ಅದು ಈಜುತ್ತಿತ್ತು. ಆ ಹಿರಿಯರು ಇದನ್ನೆಲ್ಲ ಕೇಳಿ ಸಂತೋಷಪಟ್ಟರು. ಅವರ ಭಕ್ತಿಗೆ ಇದರಿಂದ ಯಾವ ಕುಂದೂ ಬರಲಿಲ್ಲ. ಪಾಠ ಮಾಡುವಾಗ ನೀವೂ ಅಳುಕಬೇಕಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ನಾವು ಪಳೆಯುಳಿಕೆ ಹುಡುಕಿಕೊಂಡು ಕಾವೇರಿ ಹರಿದು ಹೋಗುವ ದಿಕ್ಕಿಗೇ ಹೊರಟೆವು. ಹನೂರು, ಮಾದಪ್ಪನ ಬೆಟ್ಟ, ಪಾಲಾರ್, ಮೆಟ್ಟೂರು, ಸೇಲಂ ದಾಟಿ ಪೆರಂಬಲೂರು ಜಿಲ್ಲೆಯ ಕಾರೈ. ಗೋಂಡ್ವಾನ ಭೂಖಂಡ ಒಡೆದು ಇಂಡಿಯಾ ಬೇರೆಯಾಗುವಾಗ ಪೂರ್ವದ ಅಂಚು ಕುಸಿದು, ಕಡಲು ಒಳನುಗ್ಗಿ, ಪೆರಂಬಲೂರು, ಅರಿಯಲೂರು ಕಡೆಯೆಲ್ಲ ನೀರಾಗಿತ್ತು. ಪಶ್ಚಿಮದ ಹಳೆಯ ಕಲ್ಲುನಾಡು ಸವೆದ ಮಣ್ಣು ಅಲ್ಲಿ ಪದರಪದರವಾಗಿ ಕೂತು ಸತ್ತ ಜೀವಿಗಳನ್ನು ಮುಚ್ಚಿಟ್ಟಿತು. 1840ರ ದಶಕದಲ್ಲಿ ಮದರಾಸಿನ ಅಧಿಕಾರಿಗಳಾದ ಕೇ ಮತ್ತು ಕನ್ಲಿಫ್ ಇಲ್ಲಿನ ಚಿಪ್ಪುಗಳನ್ನು ಸಂಗ್ರಹಿಸಿದರು. ಮುಂದೆ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಫರ್ಡಿನಂಡ್ ಸ್ಟೊಲಿಚ್ಕಾ ಅವುಗಳನ್ನು ಸಂಪುಟಗಟ್ಟಲೆ ವಿವರಿಸಿದರು.

ಕಾರೈ ನೆಲ ಮಳೆಗೆ ಕೊರೆದು ಕೊರಕಲಾಗಿದೆ. ಗಿಡಮರ ಕಡಿಮೆ, ಜಿಪ್ಸಮ್ ಚೂರುಗಳು ಬಿಸಿಲಿಗೆ ಮಿನುಗುತ್ತವೆ. ಅಲ್ಲಿ ಹುಡುಕುವುದೆಂದರೆ ಅಗೆಯುವುದಲ್ಲ, ಬಗ್ಗಿ ನಡೆಯುವುದು. ಸೂರ್ಯನ ಕಡೆ ಮುಖಮಾಡಿ, ಮಳೆ ತೊಳೆದ ಇಳಿಜಾರನ್ನು ಅಡ್ಡಡ್ಡ ನೋಡುತ್ತಾ ಹೋಗಬೇಕು. ಮೊದಲು ಎಲ್ಲವೂ ಬರೀ ಕಲ್ಲೇ. ಆಮೇಲೆ ಯಾವುದೋ ಒಂದು ಆಕಾರ ಉಳಿದವುಗಳಿಂದ ಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಅವಳು ಹೆಕ್ಕಿದ್ದು ಬೆಲೆಮ್ನೈಟ್: ಇಂದಿನ ಸ್ಕ್ವಿಡ್‌ನ ದೂರದ ನೆಂಟನೊಬ್ಬನ ಮೈಯೊಳಗಿನ ಚೂಪು ಗಟ್ಟಿಭಾಗ, ಸುಮಾರು 10 ಕೋಟಿ ವರ್ಷದ್ದು. ಮುರಿದ ತುದಿಯಲ್ಲಿ ನಡುವಿನಿಂದ ಹೊರಟ ಗೆರೆಗಳಿದ್ದವು. ಅಮೊನೈಟ್‌ನ ಅರ್ಧ ಸುರುಳಿಯೊಂದು ಸಿಕ್ಕಾಗ ನಾನು ಬಾಯಿಬಿಡುವ ಮೊದಲೇ "ಸಾಲಿಗ್ರಾಮದ ಚಕ್ರ!" ಎಂದು ಕೂಗಿದಳು. ಎರಡನ್ನೂ ಅಳೆದು, ಚಿತ್ರ ಬರೆದು, ಸಿಕ್ಕ ಜಾಗದ ಗುರುತು ಹಾಕಿಕೊಂಡು ಅಲ್ಲೇ ಬಿಟ್ಟು ಬಂದಳು. ಸಮೀಪದ ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರ ಮಲಗಿದೆ. ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ 1940ರಲ್ಲಿ ಗುರುತಿಸಿದ್ದು, ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಎನ್‌ಸಿಇಆರ್‌ಟಿ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದಾಗ, 2023ರಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಬಹಿರಂಗ ಮನವಿ ಮಾಡಿದರು. ಪಳೆಯುಳಿಕೆಯ ಪಾಠವೂ ಆ ಭಾಗದಲ್ಲೇ ಇತ್ತು. ಪುಟ ಇಲ್ಲದಿದ್ದರೂ ಬಂಡೆ ಇದೆ. ಪಾಠ ಮಾಡುವುದಕ್ಕೆ ನಿಮ್ಮನ್ನು ಯಾರೂ ತಡೆಯಲಾರರು.

ಖರ್ಚಿಲ್ಲದೆ ಶುರುಮಾಡಬಹುದು. ಸುವರ್ಣಾವತಿ ಹೊಳೆಯ ಒಂದು ಹಿಡಿ ಮರಳನ್ನು ಕಾಗದದ ಮೇಲೆ ಹರಡಿ, ಕೆಳಗಿನಿಂದ ಅಯಸ್ಕಾಂತ ಆಡಿಸಿ: ಕಪ್ಪು ಮ್ಯಾಗ್ನೆಟೈಟ್ ಕಣಗಳು ಎದ್ದು ಓಡಾಡುತ್ತವೆ. ಭರಚುಕ್ಕಿ ಜಲಪಾತಕ್ಕೆ ಮಕ್ಕಳನ್ನು ಕರೆದೊಯ್ದಾಗ ಸೆಲ್ಫಿಗೆ ಮೊದಲು ಬಂಡೆಯ ಪಟ್ಟೆ ಯಾವ ದಿಕ್ಕಿಗೆ ಮಲಗಿದೆ ಎಂದು ಬರೆಸಿ. ಯಳಂದೂರಿನ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳನ್ನು ಎಣಿಸುವ ಜೊತೆಗೆ ಆ ಕಲ್ಲು ಯಾವುದೆಂದೂ ಕೇಳಿ. ಅಭಯಾರಣ್ಯದೊಳಗಿಂದ ಒಂದು ಹರಳನ್ನೂ ತರುವಂತಿಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ. ಕರ್ನಾಟಕದ್ದೇ ಹಳೆಯ ಜೀವದ ಗುರುತು ಬೇಕೆಂದರೆ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಶಿಲೆಯಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಪದರ ಕಟ್ಟಿದ ಆ ಗುರುತುಗಳೂ 250 ಕೋಟಿ ವರ್ಷಕ್ಕಿಂತ ಹಿಂದಿನವು. ಅಲ್ಲಿನ ಕಲ್ಲು ನಮ್ಮದರಷ್ಟು ಬೇಯಲಿಲ್ಲವಾದ್ದರಿಂದ ಉಳಿದವು.

ಶೈಕ್ಷಣಿಕ ಪ್ರವಾಸದ ಪಟ್ಟಿ ಬರೆಯುವಾಗ ವಾಟರ್ ಪಾರ್ಕಿನ ಜಾಗದಲ್ಲಿ ಒಂದು ವರ್ಷ ಕಾರೈ, ಸಾತನೂರು ಎಂದು ಬರೆಯಿರಿ. ಜನವರಿ ಒಳ್ಳೆಯದು: ಹಿಂಗಾರು ಮಳೆ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ನೀರು, ಟೋಪಿ, ಅಳತೆಪಟ್ಟಿ, ಪೆನ್ಸಿಲ್ ಸಾಕು, ಸುತ್ತಿಗೆ ಬೇಡ. ಅಲ್ಲಿನ ಸಿಮೆಂಟ್ ಕಂಪನಿಗಳ ಗಣಿಗೆ ಅನುಮತಿಯಿಲ್ಲದೆ ಇಳಿಯಬೇಡಿ. ಅಕ್ಕನ ಮಗಳ ನೋಟ್‌ಬುಕ್ಕಿನಲ್ಲಿ ದಾರಿಯ ನಕ್ಷೆಯೂ ಚಿತ್ರಗಳೂ ಇವೆ. ಕೇಳಿದ ಶಾಲೆಗೆ ಜೆರಾಕ್ಸ್ ಮಾಡಿಸಿ ಕೊಡುತ್ತೇವೆ, ಅವಳೇ ಬಂದು ವಿವರಿಸಲೂ ತಯಾರಿದ್ದಾಳೆ.

ಇತಿ,
ಕೊಳ್ಳೇಗಾಲದ ಒಬ್ಬ ಚಿಕ್ಕವ್ವ