ಅಳಿಯಂದಿರ ಸೈಲೆನ್ಸರು

ನಮ್ಮ ಕಾಲದವರ ಬಲಗಾಲಿನ ಮೀನಖಂಡ ನೋಡಿ. ಹಳೇ ರೂಪಾಯಿ ಅಗಲದ ಒಂದು ಕಲೆ ಇದ್ದೇ ಇರುತ್ತದೆ. ಬೈಕಿನ ಸೈಲೆನ್ಸರ್ ಒತ್ತಿದ ಮೊಹರು ಅದು. ನನಗೂ ಇದೆ. ಹಾಗಾಗಿ ಸೈಲೆನ್ಸರಿನ ವಿಷಯದಲ್ಲಿ ನನ್ನದು ಹುಟ್ಟಿ ಬಂದ ಹಕ್ಕಲ್ಲ, ಸುಟ್ಟು ಬಂದ ಹಕ್ಕು.

ಕ್ಯಾಲಿಫೋರ್ನಿಯಾದಲ್ಲಿರುವ ಅಳಿಯಂದಿರು ಹಳೆಯದೊಂದು ಮೋಟರ್‌ಹೋಮ್ ಕೊಂಡಿದ್ದಾರೆ. ಅಂದರೆ ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಹೊತ್ತು ಓಡುವ ಬಸ್ಸು. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಎದೆ ಬಡಿದುಕೊಳ್ಳಬೇಕಿಲ್ಲ, ಒಲೆ ಬೆನ್ನ ಹಿಂದೆಯೇ ಬರುತ್ತಿರುತ್ತದೆ. ನಮ್ಮಾಕೆಗೆ ಪರಮಾನಂದ.

ಜುಲೈನಲ್ಲಿ ರೆಡ್ಡಿಂಗ್ ಕಡೆ ಹೋಗಿದ್ದೆವು. ಹೊರಗೆ 40 ಡಿಗ್ರಿ. ಛಾವಣಿಯ ಮೇಲೆ ಎರಡು ಏಸಿ, ಅವನ್ನು ಸಾಕಲು ಹೊಟ್ಟೆಯಲ್ಲಿ 8 ಕಿಲೋವ್ಯಾಟಿನ ಡೀಸೆಲ್ ಜನರೇಟರು. ಮಧ್ಯಾಹ್ನದ ಹೊತ್ತಿಗೆ ನಮ್ಮಾಕೆ ಕಾಲು ಮೇಲೆತ್ತಿ ಕೂತಳು. "ನೆಲ ಕಾದ ಕಾವಲಿ ಆಗಿದೆಯಲ್ರೀ!" ತಲೆಗೆ ಊಟಿ, ಪಾದಕ್ಕೆ ರಾಯಚೂರು. ಅಷ್ಟರಲ್ಲಿ ಜನರೇಟರು ತಾನಾಗಿಯೇ ನಿಂತುಹೋಯಿತು.

ಅದು ಆರುವವರೆಗೆ ಕಾದು ಅಳಿಯಂದಿರು ಬಸ್ಸಿನಡಿಗೆ ನುಸುಳಿದರು. ಇಣುಕಿದರೆ, ಹೊಗೆ ಪೈಪಿಗೆ ಗಾಜಿನ ನಾರಿನ ಪಟ್ಟಿ ಸುತ್ತುತ್ತಿದ್ದಾರೆ.

"ಮೂಳೆ ಮುರಿದಿದೆಯೇನಪ್ಪಾ?" ಅಂದೆ.

"ಇಲ್ಲ ಮಾವ. ಡೀಸೆಲ್ಲಿನ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೆಲಸಕ್ಕೆ ಬರುತ್ತೆ, ಇನ್ನೊಂದು ಪಾಲು ಈ ಪೈಪಲ್ಲೇ ಹೋಗುತ್ತೆ. ಲೋಡ್ ಪೂರ್ತಿ ಇದ್ದರೆ ಹೊಗೆ 400 ಡಿಗ್ರಿ ದಾಟಬಹುದು. ದೋಸೆಗೆ 200 ಸಾಕಲ್ವಾ?"

ದೋಸೆಯ ಲೆಕ್ಕ ಹೇಳಿದ ಮೇಲೆ ಒಪ್ಪದೆ ವಿಧಿಯಿಲ್ಲ. ಪಟ್ಟಿ ಸುತ್ತಿದರೆ ಬಿಸಿ ದಾರಿಯಲ್ಲಿ ಸೋರದೆ ತುದಿಯವರೆಗೂ ಹೋಗುತ್ತದಂತೆ. ಆದರೆ ಪಟ್ಟಿ ನೀರು ಹಿಡಿದುಕೊಂಡರೆ ಒಳಗೊಳಗೇ ಪೈಪನ್ನು ತುಕ್ಕು ತಿನ್ನುತ್ತದೆ. ಹಾಗಾಗಿ ಪಟ್ಟಿಯೊಂದನ್ನೇ ನಂಬದೆ, ಪೈಪಿಗೂ ಬಸ್ಸಿನ ನೆಲಕ್ಕೂ ನಡುವೆ ತಗಡೊಂದು ಅಡ್ಡ ಬೇಕು. ತಗಡು ಪೈಪಿಗೆ ಅಂಟಬಾರದು, ಅಂಟಿದರೆ ಅದೂ ಕಾಯುತ್ತದೆ. ಎರಡು ಬೆರಳು ಗಾಳಿ ಆಡಬೇಕು.

"ಅದಕ್ಕೇ ಬೀಗರು ಒಂದೇ ಬೀದಿಯಲ್ಲಿರಬಾರದು ಅನ್ನೋದು" ಅಂದೆ. ಕೆಳಗಿನಿಂದ ಉತ್ತರ ಬರಲಿಲ್ಲ.

ಪೈಪಿನ ಬಾಯಿ ಒಣಹುಲ್ಲಿನ ಕಡೆ ತಿರುಗಿತ್ತು. 2018ರ ಜುಲೈನಲ್ಲಿ ಇದೇ ಸೀಮೆಯಲ್ಲಿ ಟ್ರೈಲರೊಂದರ ಟಯರು ಕೆಟ್ಟು, ರಿಮ್ಮು ರಸ್ತೆಗೆ ಉಜ್ಜಿ ಹಾರಿದ ಕಿಡಿಗೆ ಎರಡು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತ್ತು. ಕಾರ್ ಫೈರ್ ಅಂತಾರೆ ಅದಕ್ಕೆ. ಅಳಿಯಂದಿರು ಇದನ್ನು ಹೇಳಿದಾಗ ನನ್ನ ನಾಲಿಗೆ ತುಸು ಹೊತ್ತು ಸುಮ್ಮನಾಯಿತು. ಬಸ್ಸನ್ನು ಬರಿಯ ಮಣ್ಣಿಗೆ ಸರಿಸಿದರು, ಪೈಪಿನ ಬಾಯಿ ಕಿಟಕಿಯ ಕೆಳಗೆ ಬಾರದಂತೆ ನೋಡಿಕೊಂಡರು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಹೇಳದೆ ಕೇಳದೆ ಒಳಬರುವ ನೆಂಟ ಅದು.

"ಇಷ್ಟು ರಗಳೆ ಯಾಕೆ? ಏಸಿ ಆರಿಸಿ, ಬರೀ ಫೋನು ಚಾರ್ಜಿಗೆ ಓಡಿಸಿದರೆ ತಣ್ಣಗಿರುತ್ತಲ್ಲ?" ನನ್ನ ಜಿಪುಣ ಬುದ್ಧಿ.

"ಹಾಗೂ ಆಗಲ್ಲ ಮಾವ. ಕೆಲಸ ಕಮ್ಮಿಯಾದರೆ ಒಳಗೆ ಬಿಸಿ ಸಾಲದು, ಅರೆಬೆಂದ ಡೀಸೆಲ್ ಸೈಲೆನ್ಸರಿಗೆ ಮೆತ್ತುತ್ತೆ."

ಕೂತು ಉಂಡರೆ ಯಂತ್ರಕ್ಕೂ ಅಜೀರ್ಣ! ಈ ಮಾತು ನನಗಲ್ಲ ಅಂದುಕೊಂಡು ಮಲಗಲು ಹೋದೆ.

ಇನ್ನು ಗುಟ್ಟು. ಆ ಮಧ್ಯಾಹ್ನ ಜನರೇಟರಿನ ಗುರುಗುರು ನನ್ನ ನಿದ್ದೆಗೆ ಅಡ್ಡಬಂದಿತ್ತು. ಬಾಗಿಲ ಬಳಿಯ ಕಾಲೊರಸು ಮ್ಯಾಟನ್ನು ಅದು ಉಸಿರೆಳೆಯುವ ಜಾಲರಿಗೆ ಆನಿಸಿ ಬಂದಿದ್ದೆ. ಸದ್ದು ಇಳಿಯಿತು. ತಂಪುಗಾಳಿ ಒಳಹೋಗದೆ ಬಿಸಿಯೆಲ್ಲ ನೆಲಕ್ಕೆ ಏರಿತು. ಜನರೇಟರು ನಿಂತದ್ದೇ ತಡ, ಓಡಿಹೋಗಿ ಮ್ಯಾಟು ತೆಗೆದಿದ್ದೆ.

ನಮ್ಮಾಕೆ ನೋಡಿದ್ದಳು. ಮ್ಯಾಟು ಕೊಡವಿ ಬಾಗಿಲಿಗೆ ಹಾಸಿದಳು, ತುಟಿ ಬಿಚ್ಚಲಿಲ್ಲ. ನನಗೂ ಲೋಕಕ್ಕೂ ನಡುವಿನ ತಗಡು ಅವಳೇ. ರಾತ್ರಿ ಮಲಗುವಾಗ ಮಾತ್ರ ಎರಡು ಬೆರಳಲ್ಲ, ಎರಡು ಗೇಣು ಜಾಗ ಬಿಟ್ಟಳು.