ಭಾವ, ಅಕೇಶಿಯಾ ಮತ್ತು ಕ್ಯಾನ್ ನೀರು

ಸಿನಿಮಾಕ್ಕೆ ಹೋದವರು ನಾಯಕನನ್ನು ನೋಡುತ್ತಾರೆ, ಇಲ್ಲದಿದ್ದರೆ ನಾಯಕಿಯನ್ನು. ನಮ್ಮ ಭಾವ ನೋಡುವುದು ಅವರಿಬ್ಬರ ಹಿಂದಿರುವ ಮನೆಯ ಮಾಡನ್ನು. ಮಾಡಿನಲ್ಲಿ ಹಂಚು ಕಂಡಿತೋ, ಕತ್ತಲೆಯಲ್ಲಿ ಒಂದು ಕುರ್ಚಿ ಕಿರ್ರೆನ್ನುತ್ತದೆ.

“ಕಥೆ ಯಾವ ಇಸವಿಯದ್ದು?”

“ಸುರುವಿಗೆ 1837 ಅಂತ ತೋರಿಸಿದರಲ್ಲ ಭಾವ.”

“ಮತ್ತೆ? ಜೆಪ್ಪುವಿನಲ್ಲಿ ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆ ಹಾಕಿದ್ದೇ 1865ರಲ್ಲಿ. ಇನ್ನೂ ಇಪ್ಪತ್ತೆಂಟು ಮಳೆಗಾಲ ಇವರು ಮುಳಿಹುಲ್ಲಿನ ಅಡಿಯಲ್ಲೇ ಕೂತುಕೊಳ್ಳಬೇಕು. ಹಂಚು ಎಲ್ಲಿಂದ ತಂದರು ಮಾರಾಯ, ಹೆಂಡತಿ ಮನೆಯಿಂದಲಾ?”

ಕುಂಬಾರರು ಮಾಡುವ ನಾಡಹಂಚು ಅದಕ್ಕಿಂತ ಮುಂಚೆಯೂ ಇತ್ತಲ್ಲ ಎಂದು ನಾನು ಒಮ್ಮೆ ಬಾಯಿ ಹಾಕಿದ್ದೆ. “ಅದು ಸೀಳಿದ ಕೊಳವೆಯ ಹಾಗಿರುತ್ತದೆ. ಇದು ಚಪ್ಪಟೆ. ಕಣ್ಣು ಬಿಟ್ಟು ನೋಡು” ಎಂದರು. ಹಿಂದಿನ ಸಾಲಿನಿಂದ “ಶ್” ಬರುವಷ್ಟರಲ್ಲಿ ಪರದೆಯ ಮೇಲೆ ಯಾರೋ ಸತ್ತಾಗಿತ್ತು. ಯಾರು ಸತ್ತರು, ಯಾಕೆ ಸತ್ತರು ಎಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಹಂಚು ಮಾತ್ರ ನೆನಪುಂಟು.

ಭಾವ ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬಂಟ್ವಾಳ ಪೇಟೆಯಲ್ಲಿ, ನೇತ್ರಾವತಿಯ ಮಗ್ಗುಲಲ್ಲಿ ಹಿರಿಯರ ಮನೆ. ಬೆಳ್ತಂಗಡಿಯ ಕಡೆ ಪಾಲಿಗೆ ಬಂದ ಅಡಿಕೆ ತೋಟ. ಮಗಳನ್ನು ಕೊಟ್ಟದ್ದು ಮೂಡುಬಿದಿರೆಗೆ. ಹೀಗಾಗಿ ಮನೆ, ಮರ, ಕಂಬ ಈ ಮೂರರಲ್ಲೂ ಅವರಿಗೆ ಮೋಸ ಮಾಡಲು ಸಾಧ್ಯವಿಲ್ಲ. ಅಂಗಿಯ ಕಿಸೆಯಲ್ಲಿ ಹಳೆಯ ಫೀಲ್ಡ್‌ಬುಕ್ ಒಂದು ಈಗಲೂ ಇರುತ್ತದೆ. ಮೊದಲು ಅದರಲ್ಲಿ ಗಡಿಕಲ್ಲು ಬರೆದುಕೊಳ್ಳುತ್ತಿದ್ದರು, ಈಗ ಸಿನಿಮಾದ ತಪ್ಪು. ಅಕ್ಕ ಅವರ ಪಕ್ಕ ಕೂರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಟಿಕೆಟು ತೆಗೆಯುವಾಗಲೇ ಮೂರು ಸಾಲು ಮುಂದೆ ಕೇಳುತ್ತಾಳೆ.

ಇಂಥವರು ಒಬ್ಬರೇ ಎಂದುಕೊಳ್ಳಬೇಡಿ. ಈ ಮೂರೂ ಊರಿನ ಯಾವ ಮದುವೆಗೆ ಹೋಗಿ ಯಾವ ಪಂಕ್ತಿಯಲ್ಲಿ ಕೂತರೂ ಎಡಕ್ಕೋ ಬಲಕ್ಕೋ ಒಬ್ಬರು ಸಿಗುತ್ತಾರೆ. ಪಾಯಸ ಬರುವ ಹೊತ್ತಿಗೆ ಸಿನಿಮಾದ ಸುದ್ದಿ ತೆಗೆಯುತ್ತಾರೆ, ಮಜ್ಜಿಗೆಯ ಹೊತ್ತಿಗೆ ಆ ಸಿನಿಮಾ ಉಳಿದಿರುವುದಿಲ್ಲ.

ಭಾವನ ನಿಜವಾದ ಪಾಂಡಿತ್ಯ ಇರುವುದು ಮರಗಳಲ್ಲಿ. ರಾಜ ಬೇಟೆಗೆ ಹೊರಟ ಎನ್ನಿ. ಕುದುರೆ, ಕಹಳೆ, ಹಿಂದೆ ದಟ್ಟ ಕಾಡು. ಎಲ್ಲರೂ ಹುಲಿಗೆ ಕಾಯುತ್ತಿರುವಾಗ ಭಾವ ಕೂಗಿದರು: “ಅಕೇಶಿಯಾ!” ಮುಂದಿನ ಸಾಲಿನ ಹೆಂಗಸು ಹುಲಿಯೇ ಬಂತೆಂದು ಮಗುವನ್ನು ಅವುಚಿಕೊಂಡರು. ಆಸ್ಟ್ರೇಲಿಯಾದ ಮರ, ಅರಣ್ಯ ಇಲಾಖೆಯವರು ನಮ್ಮ ಕಣ್ಣೆದುರೇ ಗುಡ್ಡೆಗುಡ್ಡೆಗೆ ನೆಟ್ಟದ್ದು, ಅದರ ಅಡಿಯಲ್ಲಿ ವಿಜಯನಗರದ ಅರಸು ಹೇಗೆ ಬಿಲ್ಲು ಹಿಡಿದು ನಿಂತಾನು? ಸ್ವಾತಂತ್ರ್ಯ ಹೋರಾಟದ ಸಿನಿಮಾವಾದರೆ ತೋಟಕ್ಕೆ ಬರುತ್ತಾರೆ. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದದ್ದು ನಿಜ. ಆದರೆ ಅವರ ಹೆಸರಿನಲ್ಲಿ ಜೈಕಾರ ಹಾಕುವವರ ಹಿಂದೆ ನಿಂತಿರುವುದು ‘ಮಂಗಳ’ ಅಡಿಕೆ. ಚೀನಾದಿಂದ ತಂದ ಬೀಜದಿಂದ ಆರಿಸಿ ವಿಟ್ಲದ ಸಂಶೋಧನಾ ಕೇಂದ್ರದವರು 1972ರಲ್ಲಿ ಬಿಡುಗಡೆ ಮಾಡಿದ ತಳಿ. “ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಕಳೆದಿದೆ, ಇವರಿಗೆ ಇನ್ನೂ ಯಾರೂ ಹೇಳಿಲ್ಲ” ಎಂದು ಭಾವ ಫೀಲ್ಡ್‌ಬುಕ್ ತೆರೆದರು. ಅಡಿಕೆ ಗೊನೆಗೆ ಕೊಳೆರೋಗದ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದ್ದನ್ನೂ ಒಂದು ಚಾರಿತ್ರಿಕ ಚಿತ್ರದಲ್ಲಿ ಕಂಡಿದ್ದಾರಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಮೂಡುವ ಪ್ರಸನ್ನತೆಯನ್ನು ನಾನು ಮಗಳ ಮದುವೆಯ ದಿನವೂ ನೋಡಲಿಲ್ಲ.

ಅರಮನೆಯ ಊಟದ ಎಲೆಯಲ್ಲಿ ಹಸಿಮೆಣಸು ಕಂಡರೆ ಮುಗಿಯಿತು. ಮೆಣಸೆಂದರೆ ಮೊದಲು ಕಾಳುಮೆಣಸೇ. ಪೋರ್ಚುಗೀಸರು ಅಮೆರಿಕದ ಕಾಯಿ ತಂದ ಮೇಲೆ ಹೆಸರು ಅದರ ಪಾಲಾಯಿತು. ಅದಕ್ಕೇ ತುಳುವಿನಲ್ಲಿ ಇವತ್ತಿಗೂ ಕಾಳುಮೆಣಸು ‘ಎಡ್ಡೆ ಮುಂಚಿ’, ಅಂದರೆ ಒಳ್ಳೆಯ ಮೆಣಸು. ಹಾಗಾದರೆ ಪೋರ್ಚುಗೀಸರೊಡನೆ ಹೋರಾಡಿದ ಅಬ್ಬಕ್ಕ ರಾಣಿ ಅವರು ತಂದ ಮೆಣಸನ್ನು ತಿನ್ನುತ್ತಿದ್ದಳೇ? ಈ ಪ್ರಶ್ನೆ ಭಾವನನ್ನು ಆರು ತಿಂಗಳು ಕಾಡಿತು. ಅಬ್ಬಕ್ಕ ಚೌಟರ ಮನೆತನದವಳು, ಚೌಟರ ಅರಮನೆ ಇರುವುದು ಮೂಡುಬಿದಿರೆಯಲ್ಲಿ, ಮೂಡುಬಿದಿರೆಯಲ್ಲಿ ಮಗಳ ಮನೆ. ಆದ್ದರಿಂದ ಇದು ಹೆಚ್ಚುಕಡಿಮೆ ಬೀಗರ ವಿಷಯ ಎಂಬ ಭಾವನೆ ಅವರಿಗೆ.

ಒಂದು ಶಾಲೆಯ ವಾರ್ಷಿಕೋತ್ಸವದವರು ತಿಳಿಯದೆ ಇವರನ್ನು ಅತಿಥಿಯಾಗಿ ಕರೆದರು. ಮಕ್ಕಳ ನಾಟಕ ‘ಅಬ್ಬಕ್ಕ’ವೇ. ಪೋರ್ಚುಗೀಸ್ ಸೈನ್ಯ ಬಿಳಿ ಕ್ಯಾನ್ವಾಸ್ ಶೂ ಹಾಕಿ ಬಂತು. ಅಬ್ಬಕ್ಕ ಗಡಿಯಾರ ಬಿಚ್ಚಲು ಮರೆತಿದ್ದಳು. ಭಾಷಣದಲ್ಲಿ ಭಾವ, “ರಾಣಿಯ ಹತ್ತಿರ ವಾಚು ಇದ್ದದ್ದರಿಂದಲೇ ಶತ್ರುಗಳು ಬರುವ ಹೊತ್ತು ಗೊತ್ತಾಯಿತು” ಎಂದರು. ಸಭೆ ನಕ್ಕಿತು, ರಾಣಿ ಅತ್ತಳು. ಆಮೇಲೆ ಭಾವ ಅವಳಿಗೆ ಐಸ್‌ಕ್ರೀಮ್ ಕೊಡಿಸಿ, 16ನೇ ಶತಮಾನದಲ್ಲಿ ಇದು ಸಿಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿದರು.

ಇದು ಕಾಲದ ತಪ್ಪಿನ ಮಾತಾಯಿತು. ಕಂಟಿನ್ಯೂಟಿ ತಪ್ಪು ಇನ್ನೊಂದು ಖಾತೆ. ನಾಯಕ ವೀಳ್ಯವನ್ನು ಎಡದವಡೆಗೆ ಇಟ್ಟದ್ದು ಮಾತು ಮುಗಿಯುವಾಗ ಬಲಕ್ಕೆ ಬಂದಿದೆಯೇ, ಮಳೆಯಲ್ಲಿ ತೊಯ್ದು ಬಂದವನ ಮುಂಡು ಹೊಸಿಲು ದಾಟುವಾಗ ಒಣಗಿತೇ, ದೀಪದ ಬತ್ತಿ ಉದ್ದವಾಯಿತೇ ಎಂದೆಲ್ಲ. ಒಂದು ಕಂಬಳದ ದೃಶ್ಯದಲ್ಲಿ ಕೋಣಗಳು ‘ಹಗ್ಗ’ದ ವಿಭಾಗದಲ್ಲಿ ಹೊರಟು ‘ನೇಗಿಲಿ’ನ ವಿಭಾಗದಲ್ಲಿ ಮಂಜೊಟ್ಟಿ ಹತ್ತಿದವು. ಅದನ್ನು ಹಿಡಿಯಲು ಭಾವನೇ ಬೇಕಿರಲಿಲ್ಲ. ಥಿಯೇಟರಿನ ಅರ್ಧ ಜನ ಎದ್ದು ನಿಂತಿದ್ದರು.

ರಾಜ್‌ಕುಮಾರ್ ಸಿನಿಮಾಗಳಿಗೆ ಮಾತ್ರ ಪೂರ್ಣ ವಿನಾಯಿತಿ. 1975ರ ‘ಮಯೂರ’ದಲ್ಲಿ ಒಂದಾದರೂ ತಪ್ಪು ಸಿಕ್ಕಿತೇ ಎಂದು ಕೇಳಿದ್ದೆ. “ಅವರು ಎದುರಿಗೆ ನಿಂತರೆ ಹಿಂದೆ ಎಂಥ ಉಂಟೆಂದು ಯಾರಿಗೆ ಕಾಣುತ್ತದೆ?”

ಭಾವನನ್ನು ಒಮ್ಮೆಯಾದರೂ ಸೋಲಿಸಬೇಕೆಂದು ನಾನು ಮೂಡುಬಿದಿರೆಗೇ ಕರೆದುಕೊಂಡು ಹೋದೆ. ಸಾವಿರ ಕಂಬದ ಬಸದಿ, 1430ರ ಕಟ್ಟಡ. ಒಂದು ಕಂಬದ ಹಾಗೆ ಇನ್ನೊಂದಿಲ್ಲ. ಸಿನಿಮಾದಲ್ಲಾದರೆ ಇದನ್ನೇ ಕಂಟಿನ್ಯೂಟಿ ತಪ್ಪು ಎನ್ನುತ್ತಿದ್ದರು. ಭೈರಾದೇವಿ ಮಂಟಪದ ಬುಡಕ್ಕೆ ಕರೆದೊಯ್ದು ಬಗ್ಗಿ ನೋಡಲು ಹೇಳಿದೆ. ಅಲ್ಲಿ ಕಲ್ಲಿನಲ್ಲಿ ಕೊರೆದ ಜಿರಾಫೆ ಉಂಟು, ಚೀನಾದ ಡ್ರ್ಯಾಗನ್ ಉಂಟು. ಕಡಲ ವ್ಯಾಪಾರ ಎಲ್ಲಿಂದ ಎಲ್ಲಿಗೆ ನಡೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ. “15ನೇ ಶತಮಾನದ ತುಳುನಾಡಿನ ಸಿನಿಮಾದಲ್ಲಿ ಜಿರಾಫೆ ಬಂದರೆ ನೀವು ಏನು ಮಾಡುತ್ತಿದ್ದಿರಿ?” ಭಾವ ತುಂಬ ಹೊತ್ತು ಬಗ್ಗಿಯೇ ಇದ್ದರು. ಸೊಂಟ ಹಿಡಿದಿರಬೇಕೆಂದು ಅಳಿಯ ಓಡಿ ಬಂದ. ಎದ್ದವರು ಇಷ್ಟೇ ಹೇಳಿದರು: “ಕೆತ್ತಿದವನು ಜಿರಾಫೆಯನ್ನು ನೋಡಿರಲಿಕ್ಕಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಕೆತ್ತಿದ್ದು.”

ದೊಡ್ಡ ಆಘಾತ ಬಂದದ್ದು 2025ರ ಅಕ್ಟೋಬರಿನಲ್ಲಿ. ‘ಕಾಂತಾರ ಚಾಪ್ಟರ್ 1’ ತೆರೆಗೆ ಬಂತು, ಕದಂಬರ ಕಾಲದ ಕಥೆ. ಭಾವ ಎರಡು ಸಲ ನೋಡಿದರು. ಮೊದಲನೆಯ ಸಲ ಮರಗಳಿಗಾಗಿ, ಎರಡನೆಯ ಸಲ ಮಾಡುಗಳಿಗಾಗಿ. ಹಂಚು, ಮೆಣಸು, ಅಕೇಶಿಯಾ ಎಂದು ಒಂದೊಂದನ್ನೇ ತಾಳೆ ನೋಡಿ, ಮನೆಗೆ ಬಂದು “ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಪರವಾಗಿಲ್ಲ ಎಂದರೆ ರಾಷ್ಟ್ರಪ್ರಶಸ್ತಿ. ನಾಲ್ಕು ದಿನ ಬಿಟ್ಟು ಮೂಡುಬಿದಿರೆಯಿಂದ ಮೊಮ್ಮಗ ಬಂದ. ಮೂರನೆಯ ಕ್ಲಾಸು. ಮೊಬೈಲಿನಲ್ಲಿ ಅದೇ ಸಿನಿಮಾದ ‘ಬ್ರಹ್ಮಕಲಶ’ ಹಾಡನ್ನು ತೋರಿಸಿ, ಒಂದು ಕಡೆ ತಡೆದು, ಬೆರಳಿನಿಂದ ಹಿಗ್ಗಿಸಿ, “ಅಜ್ಜಾ, ಇದೆಂಥದ್ದು?” ಎಂದ.

ಪ್ಲಾಸ್ಟಿಕ್ಕಿನ ನೀರಿನ ಕ್ಯಾನು. ಇಪ್ಪತ್ತು ಲೀಟರಿನದ್ದು.

ಅಷ್ಟು ಹೊತ್ತಿಗೆ ದೇಶಕ್ಕೆಲ್ಲ ಅದು ಗೊತ್ತಾಗಿತ್ತು, ಭಾವನಿಗೊಬ್ಬರಿಗೆ ಗೊತ್ತಿರಲಿಲ್ಲ. ಆ ರಾತ್ರಿ ಗಂಜಿ ಸಾಕೆಂದರು. ಅಮೆರಿಕದವರ ‘ಗೇಮ್ ಆಫ್ ಥ್ರೋನ್ಸ್’ನಲ್ಲೂ 2019ರಲ್ಲಿ ರಾಣಿಯ ಮುಂದೆ ಕಾಗದದ ಕಾಫಿ ಲೋಟ ಉಳಿದುಹೋಗಿತ್ತು ಎಂದು ನಾನು ಸಮಾಧಾನಕ್ಕೆ ಹೇಳಿದೆ. “ಅದನ್ನು ಹಿಡಿದದ್ದು ಯಾರು? ಯಾರದ್ದಾದರೂ ಮೊಮ್ಮಗನಾ?” ಎಂದು ಕೇಳಿ ಮಗ್ಗುಲು ತಿರುಗಿದರು.

ಕ್ಯಾನು ಅವರಿಗೆ ಕಾಣದೆ ಹೋದದ್ದು ಯಾಕೆಂದು ನನಗೆ ಹೊಳೆದದ್ದು ಮುಂದಿನ ಬೇಸಿಗೆಯಲ್ಲಿ, ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಹೋದಾಗ. ಯಾಗಶಾಲೆಯ ಬದಿಯಲ್ಲಿ ಕ್ಯಾನು, ಉಗ್ರಾಣದಲ್ಲಿ ಕ್ಯಾನು, ಚೆಂಡೆಯವರ ಬೆನ್ನ ಹಿಂದೆ ಕ್ಯಾನು, ವೇದಿಕೆಯಲ್ಲಿ ಆಶೀರ್ವಚನದ ಕುರ್ಚಿಯ ಕಾಲಿನ ಹತ್ತಿರವೂ ಒಂದು. ನಮ್ಮ ಕಡೆ ಕ್ಯಾನಿಲ್ಲದ ಬ್ರಹ್ಮಕಲಶ ಯಾರಾದರೂ ಕಂಡದ್ದುಂಟೇ? ಕುಡಿಯುವ ನೀರಿನ ಸಮಿತಿಗೆ ಸಂಚಾಲಕರು ಭಾವನೇ. ಕೈಯಲ್ಲಿ ಫೀಲ್ಡ್‌ಬುಕ್ ಹಿಡಿದು ಖಾಲಿ ಕ್ಯಾನು ಎಣಿಸುತ್ತಿದ್ದರು.

ಆ ರಾತ್ರಿ ಯಕ್ಷಗಾನದ ಆಟವಿತ್ತು. ಕಂಸನ ಆಸ್ಥಾನಕ್ಕೆ ದೂತ ತಡವಾಗಿ ಬಂದ. ಯಾಕೆ ತಡ ಎಂದು ಕಂಸ ಗರ್ಜಿಸಿದರೆ ಹಾಸ್ಯಗಾರ, “ಬಿ.ಸಿ. ರೋಡಿನಲ್ಲಿ ಬ್ಲಾಕು ಬುದ್ಧೀ” ಎಂದ. ಭಾವ ನಕ್ಕ ನಗೆಗೆ ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲವಾಯಿತು. ಸಿಕ್ಕಿಬಿದ್ದರು ಎಂದುಕೊಂಡೆ.

“ದ್ವಾಪರದಲ್ಲಿ ಬಿ.ಸಿ. ರೋಡು ಎಲ್ಲಿತ್ತು ಭಾವ?”

“ಆಟದವರು ಯಾವತ್ತಾದರೂ ಇದು ನಿಜ ಅಂತ ಹೇಳಿದ್ದಾರಾ? ಸಿನಿಮಾದವನು ಕೋಟಿಗಟ್ಟಲೆ ಸುರಿದು ಇದೇ ನಿಜ, ಹೀಗೇ ಇತ್ತು ಅನ್ನುತ್ತಾನೆ. ಹಾಗೆ ಹೇಳಿದ ಮೇಲೆ ನಾನು ಅಳತೆ ತೆಗೆಯಲೇಬೇಕು. ಆಟಕ್ಕೆ ಯಾರಾದರೂ ಸರಪಳಿ ಹಿಡಿದು ಹೋಗುತ್ತಾರಾ?”

ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಇನ್ನು ಭಾವ ತಾವೇ ಹೇಳುವ ಕಥೆಯೊಂದುಂಟು, 1974ರ ನೆರೆಯದ್ದು. ನೇತ್ರಾವತಿ ಬಂಟ್ವಾಳ ಪೇಟೆಯೊಳಗೆ ಬಂದ ವರ್ಷ. ಭಾವನಿಗೆ ಆಗ ಹನ್ನೆರಡು. ಈ ಕಥೆಯನ್ನು ನಾನು ಮೊದಲು ಕೇಳಿದ್ದು ಅಕ್ಕನ ಮದುವೆಯ ವರ್ಷ. ಆಗ ನೀರು ಜಗಲಿಯ ಮೂರನೆಯ ಮೆಟ್ಟಲಿಗೆ ಬಂದು ನಿಂತಿತ್ತು. ಮಗಳು ಹುಟ್ಟಿದ ಮೇಲೆ ಹೊಸಿಲು ದಾಟಿ ಅಕ್ಕಿಮುಡಿಗಳನ್ನು ತೇಲಿಸಿತು. ಮಗಳಿಗೆ ಮದುವೆಯಾದಾಗ ಕಿಟಕಿಯ ಸರಳು ಮುಳುಗಿತ್ತು, ಅಂಗಳಕ್ಕೆ ದೋಣಿ ಬಂದಿತ್ತು. ದೋಣಿಯಲ್ಲಿ ಮೊದಲು ಚಿಕ್ಕಪ್ಪ ಒಬ್ಬರೇ ಇದ್ದರು. ಆಮೇಲೆ ಕೆಂಪು ದನ ಹತ್ತಿತು. ಈಚೆಗೆ ಅಜ್ಜಿಯೂ ದೀಪ ಹಿಡಿದು ಕೂತಿದ್ದಾರೆ. ಮೊದಲ ಸಲ ಹೇಳಿದಾಗ ಆ ಅಜ್ಜಿಯ ವರ್ಷಾಂತಿಕ ಮುಗಿದು ಎರಡು ವರ್ಷವಾಗಿತ್ತು. ಇನ್ನೊಬ್ಬರ ಜಾಗದಲ್ಲಿ ಸರಪಳಿಯ ಒಂದು ಲಿಂಕು ಹೆಚ್ಚುಕಡಿಮೆ ಮಾಡದ ಮನುಷ್ಯ, ಸ್ವಂತ ಮನೆಯ ಗೋಡೆಯಲ್ಲಿ ನೀರಿನ ಮಟ್ಟಕ್ಕೆ ಒಂದು ಗೆರೆಯನ್ನೂ ಹಾಕಿಟ್ಟಿಲ್ಲ.

ಕಳೆದ ಆಟಿ ತಿಂಗಳಲ್ಲಿ ಮಳೆ ಹೊಯ್ಯುತ್ತಿರುವಾಗ ಮೊಮ್ಮಗ ಮತ್ತೆ ಆ ಕಥೆ ಕೇಳಿದ. ಅಕ್ಕ ಒಳಗಿನಿಂದ ಹಲಸಿನ ಹಪ್ಪಳ ತಂದಿಟ್ಟು, ತಾನೂ ಕೂತಳು. ಈ ಸಲ ನೀರು ಮಹಡಿಯ ಕಿಟಕಿಗೆ ಬಂದಿತ್ತು.

ಭಾವನ ಮನೆಗೆ ಮಹಡಿ ಇಲ್ಲ.