ನಮ್ಮನ್ನೂ ಸೇರಿಸಿ ಮಾರುತ್ತಿರುವ ಏಜೆಂಟರಿಗೆ

ಮಾನ್ಯ ಏಜೆಂಟ್ ಸಾಹೇಬರೇ,

ನವಿ ಮುಂಬಯಿಯ ಕಳಂಬೋಲಿಯಲ್ಲಿರುವ ನಮ್ಮ ಬಿಲ್ಡಿಂಗ್ ಇಡಿಯಾಗಿ ಮಾರಾಟಕ್ಕಿದೆ ಎಂಬುದು ಮೆಟ್ಟಿಲಿಗೆ ಬಲ್ಬ್ ಹಾಕಿಸಿದ ದಿನವೇ ನಮಗೆ ಗೊತ್ತಾಯಿತು.

‘ಕೆಳಗೆ ಅಂಗಡಿ, ಮೇಲೆ ಮನೆ, ಏರ್‌ಪೋರ್ಟ್ ಟಚ್’ ಎಂದು ಜಾಹೀರಾತು ಕೊಟ್ಟಿದ್ದೀರಿ. ಸಂತೋಷ. 2018ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ನೀವು ಈ ಏರ್‌ಪೋರ್ಟನ್ನು ಮಾರುತ್ತಲೇ ಬಂದವರು. ಅಲ್ಲಿಂದ ಮೊದಲ ಪ್ರಯಾಣಿಕ ವಿಮಾನ ಹಾರಿದ್ದು 2025ರ ಡಿಸೆಂಬರ್ 25ಕ್ಕೆ. ನಮ್ಮ ಬಾಡಿಗೆ ಅದಕ್ಕೆಷ್ಟೋ ಮುಂಚೆಯೇ ಹಾರಿತ್ತು.

ಗಿರಾಕಿಗೆ ‘ಸ್ವಂತ ಜಾಗ’ ಎಂದು ಹೇಳುತ್ತಿದ್ದುದು ನಮಗೂ ಕೇಳಿಸಿತು. ನೆಲ ಸರ್ಕಾರಿ ಸಂಸ್ಥೆ ಸಿಡ್ಕೋದ್ದು, ಲೀಸು ಅರವತ್ತು ವರ್ಷದ್ದು, ಅದರಲ್ಲೂ ಸುಮಾರು ಕರಗಿದೆ. ಸಿಡ್ಕೋ ಒಪ್ಪಿಗೆಯಿಲ್ಲದೆ, ವರ್ಗಾವಣೆ ಶುಲ್ಕ ಕಟ್ಟದೆ, ಕಾಗದದಲ್ಲಿ ಹೆಸರು ಬದಲಾಗುವುದಿಲ್ಲ. ಅಂದರೆ ಕೋಟಿಗಟ್ಟಲೆ ಸುರಿದು ಬರುವವರೂ ನಮ್ಮ ಹಾಗೆ ಬಾಡಿಗೆದಾರರೇ. ನಮ್ಮದು ಹನ್ನೊಂದು ತಿಂಗಳ ಕರಾರು, ಅವರದು ಸ್ವಲ್ಪ ಉದ್ದ. ಬಾಡಿಗೆದಾರರ ಮೀಟಿಂಗಿನಲ್ಲಿ ಇನ್ನು ಮುಂದೆ ನಮ್ಮ ಪಕ್ಕದಲ್ಲೇ ಕೂರಲಿ.

ಇನ್ನು ಅಳತೆಯ ವಿಷಯ. ಕೆಳಗಿನ ಹೋಟೆಲಿನ ಚಿಮಣಿ ನಮ್ಮ ಬೆಡ್‌ರೂಮಿನ ಕಿಟಕಿಗೆ ಮೊಳದಷ್ಟು ದೂರ. ನಸುಕಿಗೇ ಇಂಗಿನ ಒಗ್ಗರಣೆ ಒಳಗೆ ಬಂದು ಹೊದಿಕೆಯಲ್ಲಿ ಕೂತರೆ ಭಾನುವಾರ ಬಟ್ಟೆ ಒಗೆಯುವವರೆಗೂ ಏಳುವುದಿಲ್ಲ. ಇದನ್ನು ಬಿಲ್ಟ್-ಅಪ್‌ಗೆ ಸೇರಿಸಿದ್ದೀರೋ, ಸೂಪರ್ ಬಿಲ್ಟ್-ಅಪ್‌ಗೋ? ರೇರಾ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಲೆಕ್ಕ ಅನ್ನುತ್ತಾರೆ, ಆದರೆ ವಾಸನೆಗೆ ಕಾರ್ಪೆಟ್ ಎಲ್ಲಿಂದ ತರುವುದು? ಸ್ಟೀಲ್ ಮಾರ್ಕೆಟ್ಟಿನ ಟ್ರೇಲರುಗಳು ರಾತ್ರಿ ತಿರುವಿನಲ್ಲಿ ಗೇರ್ ಬದಲಿಸಿದಾಗ ನಮ್ಮ ಪಾತ್ರೆ ಸ್ಟ್ಯಾಂಡು ಗಲಗಲ ಎನ್ನುತ್ತದೆ. ‘ಪ್ರೈಮ್ ಕಮರ್ಷಿಯಲ್’ ಅಂದರೆ ಇದೇ ಇರಬೇಕು.

ಗಿರಾಕಿಗಳನ್ನೆಲ್ಲ ಮಳೆಗೆ ಮುಂಚೆ, ಮೇ ತಿಂಗಳೊಳಗೇ ಕರೆತರುವ ನಿಮ್ಮ ಜಾಣತನಕ್ಕೆ ಮಾತ್ರ ಕೈಮುಗಿಯಬೇಕು. ‘ಲೇಕ್ ವ್ಯೂ’ ಎಂದು ನೀವು ಬೆರಳು ತೋರಿಸುವ ಹೊಂಡ ತೋಡಿರುವುದು ನೋಟಕ್ಕಲ್ಲ. ಸಮುದ್ರದ ಖಾಡಿ ಉಬ್ಬಿದಾಗ ಗೇಟು ಮುಚ್ಚಿಕೊಂಡು ಮಳೆನೀರನ್ನು ಹಿಡಿದಿಟ್ಟು, ಇಳಿತಕ್ಕೆ ಬಿಡಲಿಕ್ಕೆ. 2005ರ ಜುಲೈ 26ರ ಮಹಾಮಳೆಯ ನೀರನ್ನು ಕಂಡ ಹಾರ್ಡ್‌ವೇರ್ ಅಂಗಡಿಯವರು ಇವತ್ತಿಗೂ ಸಿಮೆಂಟ್ ಚೀಲವನ್ನು ನೆಲಕ್ಕಿಡುವುದಿಲ್ಲ, ಸೊಂಟದೆತ್ತರದ ಕಟ್ಟೆಯ ಮೇಲೆ ಪೇರಿಸುತ್ತಾರೆ. ಗಿರಾಕಿ ಆ ಕಟ್ಟೆ ಯಾಕೆಂದು ಕೇಳಿದಾಗ ‘ಡಿಸ್‌ಪ್ಲೇಗೆ’ ಎಂದಿರಂತೆ.

ವ್ಯವಹಾರ ಕುದುರಲಿ, ನಮ್ಮ ಅಡ್ಡಿಯಿಲ್ಲ. ಎರಡೂ ಕಡೆಯ ದಲಾಲಿ ಎಣಿಸಿಕೊಂಡಾದ ಮೇಲೆ, ನಮ್ಮ ಡಿಪಾಸಿಟ್ ಈಗ ಯಾರ ಜೇಬಿನಲ್ಲಿದೆಯೆಂದು ಒಂದು ಚೀಟಿ ಬರೆದುಕೊಡಿ. ಸಹಿಯೂ ಇರಲಿ.

ಇತಿ,
ಬಿಲ್ಡಿಂಗಿನೊಂದಿಗೆ ಉಚಿತವಾಗಿ ಬರುವ
ಎರಡನೇ ಮಹಡಿಯ ಬಾಡಿಗೆದಾರ